ಕ್ಯಾನ್ಸರ್ ಒತ್ತಿ ಮೂತ್ರನಾಳ ಮುಚ್ಚಿದರೆ ಸ್ಟೆಂಟ್: ಹಾಕಿಸುವ ಮೊದಲು, ಹಾಕಿಸಿದ ಮೇಲೆ ಗೊತ್ತಿರಬೇಕಾದ ಸಂಗತಿಗಳು

ವೈ.ಎನ್.ಹೊಸಕೋಟೆ: ಸ್ಟೆಂಟ್ ಅಂದ ಕೂಡಲೇ ನಮ್ಮ ಕಡೆ ಜನ ಎದೆ ಮುಟ್ಟಿಕೊಳ್ತಾರೆ. ಹಾರ್ಟಿಗೆ ಹಾಕೋದು ಅಂತಲೇ ಎಲ್ಲರ ಲೆಕ್ಕ. ಆದರೆ ಮೂತ್ರದ ದಾರಿಗೂ ಸ್ಟೆಂಟ್ ಹಾಕುತ್ತಾರೆ. ಕಿಡ್ನಿ ಕಲ್ಲಿನ ಆಪರೇಷನ್ ಮಾಡಿಸಿಕೊಂಡವರಿಗೆ ಇದು ಗೊತ್ತು. ಕೆಲವು ವಾರ ಒಳಗಿಟ್ಟು ತೆಗೆಯುವ ಸಣ್ಣ ಪ್ಲಾಸ್ಟಿಕ್ ಕೊಳವೆ ಅದು. ಕ್ಯಾನ್ಸರ್ ರೋಗಿಗಳಿಗೂ ಇದೇ ಕೊಳವೆ ಹಾಕುವ ಸಂದರ್ಭ ಬರುತ್ತದೆ. ಅವರ ವಿಷಯದಲ್ಲಿ ಲೆಕ್ಕ ಬೇರೆ. ಅದು ವಾರಗಟ್ಟಲೆ ಅಲ್ಲ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇರಬೇಕಾಗುತ್ತದೆ. ಮಧ್ಯೆ ಮಧ್ಯೆ ಬದಲಾಯಿಸಬೇಕು. ಇಷ್ಟು ತಿಳಿಯದೆ ಹೋದರೆ ಉಳಿಸಿಕೊಂಡ ಕಿಡ್ನಿಯೇ ಕೈ ಬಿಟ್ಟು ಹೋಗಬಹುದು.

ಪಾವಗಡ ತಾಲ್ಲೂಕಿನ ಮೂರು ಕಡೆ ಆಂಧ್ರ. ಪಾವಗಡದಿಂದ ಮಧುಗಿರಿ ಮೇಲೆ ಬೆಂಗಳೂರಿಗೆ 150 ಕಿ.ಮೀ.ಗೂ ಹೆಚ್ಚು ದೂರ. ಹೊಸಕೋಟೆಯಿಂದ ಹೊರಟರೆ ಇನ್ನೂ ಜಾಸ್ತಿ. ಮಗ್ಗ ನಿಲ್ಲಿಸಿ, ಅಂಗಡಿ ಬಾಗಿಲು ಹಾಕಿ, ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಬರುವುದೆಂದರೆ ಒಂದು ದಿನದ ಕೆಲಸವಲ್ಲ. ಹಾಗಾಗಿ "ಈಗ ಆರಾಮಾಗಿದೆಯಲ್ಲ, ಮುಂದಿನ ತಿಂಗಳು ನೋಡೋಣ" ಅಂತ ತಪಾಸಣೆ ಮುಂದಕ್ಕೆ ಹಾಕುವುದು ಸುಲಭ. ಈ ಕಾಯಿಲೆಯಲ್ಲಿ ಹೆಚ್ಚು ಹಾನಿ ಆಗುವುದು ಹಾಗೆ ಮುಂದಕ್ಕೆ ಹಾಕಿದಾಗಲೇ.

ಮೂತ್ರ ಕಟ್ಟುವುದು ಎಲ್ಲಿ?

ದೇಹದಲ್ಲಿ ಎರಡು ಕಿಡ್ನಿ. ಒಂದೊಂದರಿಂದ ಒಂದೊಂದು ಮೂತ್ರನಾಳ ಕೆಳಗಿಳಿದು ಮೂತ್ರಕೋಶಕ್ಕೆ ಸೇರುತ್ತದೆ. ದೊಡ್ಡವರಲ್ಲಿ ಈ ನಾಳದ ಉದ್ದ ಸುಮಾರು 25ರಿಂದ 30 ಸೆಂ.ಮೀ., ಒಳಗಿನ ಅಗಲ ಬರೀ 3–4 ಮಿ.ಮೀ. ಹೊರಗಿನಿಂದ ಗಡ್ಡೆಯೊಂದು ಒತ್ತಿದರೆ ತೋಟದ ಪೈಪಿನ ಮೇಲೆ ಕಲ್ಲು ಇಟ್ಟ ಹಾಗೆ. ನೀರು ಮುಂದೆ ಹೋಗುವುದಿಲ್ಲ, ಹಿಂದಕ್ಕೆ ತುಂಬಿಕೊಳ್ಳುತ್ತದೆ. ಕಿಡ್ನಿ ಉಬ್ಬುತ್ತದೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಇದನ್ನೇ ಹೈಡ್ರೋನೆಫ್ರೋಸಿಸ್ ಅಂತ ಬರೆಯುತ್ತಾರೆ. ಒತ್ತಡ ವಾರಗಟ್ಟಲೆ ಹಾಗೇ ಉಳಿದರೆ ಕಿಡ್ನಿ ರಕ್ತ ಸೋಸುವ ಶಕ್ತಿ ಕಳೆದುಕೊಳ್ಳುತ್ತದೆ.

ಹೀಗೆ ಒತ್ತುವ ಕ್ಯಾನ್ಸರ್‌ಗಳಲ್ಲಿ ಹೆಂಗಸರ ಗರ್ಭಕಂಠದ ಕ್ಯಾನ್ಸರ್ ಮುಖ್ಯವಾದದ್ದು. ಗರ್ಭಕಂಠದಿಂದ ಸುಮಾರು 2 ಸೆಂ.ಮೀ. ದೂರದಲ್ಲೇ ಎರಡೂ ಕಡೆ ಮೂತ್ರನಾಳ ಹಾದುಹೋಗುತ್ತದೆ. ಗಡ್ಡೆ ಪಕ್ಕಕ್ಕೆ ಬೆಳೆದರೆ ಮೊದಲು ಸಿಗುವುದೇ ಈ ನಾಳ. ಈ ಕ್ಯಾನ್ಸರಿನಿಂದ ಕಿಡ್ನಿ ಉಬ್ಬಿದೆ ಎಂದರೆ ಕಾಯಿಲೆ ಮೂರನೇ ಹಂತಕ್ಕಾದರೂ ಬಂದಿದೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಗ್ಲೋಬೊಕ್ಯಾನ್ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ 1 ಲಕ್ಷ 27 ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಹೊಸದಾಗಿ ಈ ಕ್ಯಾನ್ಸರ್ ಬಂದಿದೆ.

ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್, ಇಬ್ಬರಲ್ಲೂ ಮೂತ್ರಕೋಶ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್, ಹೆಂಗಸರಲ್ಲಿ ಅಂಡಾಶಯದ ಕ್ಯಾನ್ಸರ್ ಕೂಡ ಹೀಗೆ ಮಾಡಬಹುದು. ಹೊಟ್ಟೆಯ ಹಿಂಭಾಗದ ದುಗ್ಧಗ್ರಂಥಿಗಳು ಊದಿಕೊಂಡು ನಾಳವನ್ನು ಅಮುಕುವುದೂ ಉಂಟು.

ಯಾಕೆ ಬೇಗ ಗೊತ್ತಾಗುವುದಿಲ್ಲ?

ಒಂದು ಕಡೆಯ ನಾಳ ಮಾತ್ರ ಮುಚ್ಚಿದರೆ ಇನ್ನೊಂದು ಕಿಡ್ನಿ ಕೆಲಸ ಮಾಡುತ್ತಲೇ ಇರುತ್ತದೆ. ಮೂತ್ರ ಎಂದಿನಂತೆ ಹೋಗುತ್ತದೆ. ನಿಧಾನವಾಗಿ ಮುಚ್ಚಿದರೆ ನೋವೂ ಇರುವುದಿಲ್ಲ. "ಒಂದಕ್ಕೆ ಸರಿಯಾಗೇ ಹೋಗ್ತಿದೆ, ಕಿಡ್ನಿಗೇನಾಗಿದೆ" ಅನ್ನುವ ಮಾತು ಇಲ್ಲಿ ಮೋಸ ಮಾಡುತ್ತದೆ.

ಗಮನಿಸಬೇಕಾದ ಲಕ್ಷಣಗಳು ಇವು:

- ಸೊಂಟದ ಮೇಲೆ, ಪಕ್ಕೆಯ ಕೆಳಗೆ ಒಂದೇ ಸಮನೆ ಭಾರ ಅಥವಾ ನೋವು
- ಮೂತ್ರ ಕಡಿಮೆಯಾಗುವುದು, ಅಥವಾ ಪೂರ್ತಿ ನಿಲ್ಲುವುದು
- ಕಾಲು, ಮುಖ ಊದಿಕೊಳ್ಳುವುದು
- ಊಟ ಸೇರದಿರುವುದು, ವಾಕರಿಕೆ, ಬಿಟ್ಟೂ ಬಿಡದೆ ಬಿಕ್ಕಳಿಕೆ, ಮೈ ತುರಿಕೆ
- ಸುಸ್ತು, ಮಂಪರು, ಮಾತಿನಲ್ಲಿ ಗೊಂದಲ
- ಮೂತ್ರದಲ್ಲಿ ರಕ್ತ

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ವಾಂತಿ, ಸುಸ್ತು ಮಾಮೂಲಿ. ಅದೆಲ್ಲಾ ಕೀಮೋದಿಂದಲೇ ಅಂದುಕೊಂಡು ಮನೆಯವರು ಸುಮ್ಮನಾಗುತ್ತಾರೆ. ಅನುಮಾನ ಬಂದರೆ ಎರಡು ಪರೀಕ್ಷೆ ಸಾಕು: ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್. ಕ್ರಿಯಾಟಿನಿನ್ ಸಾಮಾನ್ಯವಾಗಿ 0.6ರಿಂದ 1.2ರೊಳಗೆ ಇರುತ್ತದೆ. ಅದಕ್ಕಿಂತ ಏರುತ್ತಾ ಹೋಗುತ್ತಿದ್ದರೆ, ಜೊತೆಗೆ ಸ್ಕ್ಯಾನಿಂಗಿನಲ್ಲಿ ಕಿಡ್ನಿ ಉಬ್ಬಿದ್ದರೆ, ದಾರಿ ಎಲ್ಲೋ ಮುಚ್ಚಿದೆ ಎಂದರ್ಥ. ಎಲ್ಲಿ ಮುಚ್ಚಿದೆ ಅಂತ ನೋಡಲು ಮುಂದೆ ಸಿ.ಟಿ. ಸ್ಕ್ಯಾನ್ ಬೇಕಾಗಬಹುದು.

ಮನೆಮದ್ದಿಗೆ ಇದು ಸಮಯವಲ್ಲ

ಮೂತ್ರ ಕಡಿಮೆ ಆಯ್ತು ಅಂದ ತಕ್ಷಣ ನಮ್ಮಲ್ಲಿ ಮೊದಲು ಬರುವ ಸಲಹೆ ಎಳನೀರು, ಬಾಳೆದಿಂಡಿನ ರಸ. ಕಿಡ್ನಿ ಚೆನ್ನಾಗಿರುವವರಿಗೆ ತೊಂದರೆ ಇಲ್ಲ. ಆದರೆ ದಾರಿ ಮುಚ್ಚಿ ಕಿಡ್ನಿ ಕೆಲಸ ನಿಲ್ಲಿಸಿದಾಗ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಬಾಳೆದಿಂಡಿನಲ್ಲೂ ಇದೆ. ಪೊಟ್ಯಾಸಿಯಂ ವಿಪರೀತ ಏರಿದರೆ ಹೃದಯದ ಬಡಿತವೇ ತಪ್ಪಬಹುದು.

"ನೀರು ಜಾಸ್ತಿ ಕುಡಿಸಿ, ತಾನಾಗೇ ಬಿಡುತ್ತೆ" ಎನ್ನುವುದೂ ಇಲ್ಲಿ ನಡೆಯುವುದಿಲ್ಲ. ಹೊರಗೆ ಹೋಗಲು ದಾರಿ ಇಲ್ಲದ ನೀರು ಕಾಲಿಗೆ, ಶ್ವಾಸಕೋಶಕ್ಕೆ ಸೇರುತ್ತದೆ. ಮೂತ್ರ ಹೋಗಲಿ ಅಂತ ಚೀಟಿ ಇಲ್ಲದೆ ಮಾತ್ರೆ ನುಂಗಿಸಿದರೂ ಅಷ್ಟೆ, ಗಡ್ಡೆಯ ಒತ್ತಡ ಮಾತ್ರೆಗೆ ಬಿಡುವುದಿಲ್ಲ.

ಮೆಡಿಕಲ್ ಸ್ಟೋರಿನವರು ಒಂದು ವಿಷಯ ನೆನಪಿಡಬೇಕು. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆಗಳು ಮೊದಲೇ ಸೋತ ಕಿಡ್ನಿಗೆ ಇನ್ನಷ್ಟು ಏಟು ಕೊಡುತ್ತವೆ. ಕ್ಯಾನ್ಸರ್ ರೋಗಿಯ ಮನೆಯವರು ಸೊಂಟನೋವಿಗೆ ಅಂತ ಬಂದು ಕೇಳಿದರೆ, ಮಾತ್ರೆ ಕೊಡುವ ಮುಂಚೆ "ಕ್ರಿಯಾಟಿನಿನ್ ನೋಡ್ಸಿದ್ರಾ?" ಅಂತ ಒಂದು ಮಾತು ಕೇಳಿದರೆ ದೊಡ್ಡ ಉಪಕಾರ.

ಸ್ಟೆಂಟ್ ಅಂದರೆ ಏನು, ಹೇಗೆ ಹಾಕುತ್ತಾರೆ?

ಮೂತ್ರದ ಸ್ಟೆಂಟ್ ಮೆತ್ತಗಿನ, ಬಾಗುವ ಕೊಳವೆ. ದಪ್ಪ ಸುಮಾರು 2 ಮಿ.ಮೀ., ಉದ್ದ ಆಳಿನ ಎತ್ತರ ನೋಡಿ 22ರಿಂದ 28 ಸೆಂ.ಮೀ. ಎರಡೂ ತುದಿ ಸುರುಳಿಯಾಗಿ ಬಾಗಿರುತ್ತವೆ. ಮೇಲಿನ ಸುರುಳಿ ಕಿಡ್ನಿಯಲ್ಲಿ, ಕೆಳಗಿನದು ಮೂತ್ರಕೋಶದಲ್ಲಿ ಕೂರುತ್ತದೆ. ಹಾಗಾಗಿ ಜಾರುವುದಿಲ್ಲ. ಇಂಗ್ಲಿಷಿನ ಜೆ ಅಕ್ಷರ ಎರಡು ಕಡೆ ಇದ್ದಂತೆ ಕಾಣುವುದರಿಂದ ಆಸ್ಪತ್ರೆಗಳಲ್ಲಿ "ಡಿಜೆ ಸ್ಟೆಂಟ್" ಅಂತಲೇ ಕರೆಯುತ್ತಾರೆ. ಕೊಳವೆಯ ಉದ್ದಕ್ಕೂ ಸಣ್ಣ ಸಣ್ಣ ತೂತುಗಳಿರುತ್ತವೆ.

ಹಾಕಲು ಹೊಟ್ಟೆ ಕೊಯ್ಯುವುದಿಲ್ಲ. ಸೊಂಟಕ್ಕೆ ಇಂಜೆಕ್ಷನ್ ಕೊಟ್ಟು ಅಥವಾ ಪೂರ್ತಿ ಮಂಪರು ಬರಿಸಿ, ಮೂತ್ರದ್ವಾರದಿಂದ ಸಣ್ಣ ದುರ್ಬೀನು ಒಳಗೆ ಬಿಡುತ್ತಾರೆ. ಮೂತ್ರಕೋಶದಲ್ಲಿ ನಾಳದ ಬಾಯಿ ಹುಡುಕಿ, ಮೊದಲು ಒಂದು ತೆಳು ತಂತಿ ಮೇಲಕ್ಕೆ ದಾಟಿಸುತ್ತಾರೆ. ಆ ತಂತಿಯ ಮೇಲೆ ಸ್ಟೆಂಟ್ ಜಾರಿಸಿ, ತಂತಿ ಎಳೆದುಕೊಳ್ಳುತ್ತಾರೆ. ಎಲ್ಲಿಗೆ ಹೋಯ್ತು ಅಂತ ಎಕ್ಸ್‌ರೇ ಪರದೆಯಲ್ಲಿ ನೋಡುತ್ತಲೇ ಇರುತ್ತಾರೆ. ತೊಡಕಿಲ್ಲದಿದ್ದರೆ ಅರ್ಧ ಗಂಟೆಯ ಕೆಲಸ.

ದಾರಿ ಬಿಟ್ಟ ಮೇಲೆ ಮೊದಲ ಒಂದೆರಡು ದಿನ ಮೂತ್ರ ವಿಪರೀತ ಹೋಗಬಹುದು. ಆಗ ಮೈಯಲ್ಲಿನ ನೀರು, ಉಪ್ಪಿನಂಶ ಇಳಿಯದಂತೆ ಆಸ್ಪತ್ರೆಯಲ್ಲೇ ನಿಗಾ ಇಡುತ್ತಾರೆ. "ಮೂತ್ರ ಬಂತಲ್ಲ, ಊರಿಗೆ ಹೋಗೋಣ" ಅಂತ ಅವಸರ ಮಾಡಬಾರದು. ಕ್ರಿಯಾಟಿನಿನ್ ಇಳಿಯುವುದಕ್ಕೆ ಕೆಲವು ದಿನ ಹಿಡಿಯುತ್ತದೆ. ಬಹಳ ದಿನ ಮುಚ್ಚಿಕೊಂಡಿದ್ದ ಕಿಡ್ನಿ ಪೂರ್ತಿ ಚೇತರಿಸಿಕೊಳ್ಳದೇ ಇರಬಹುದು.

ಸ್ಟೆಂಟ್ ಎಂಬ ಹೆಸರು ಬಂದದ್ದು ಚಾರ್ಲ್ಸ್ ಸ್ಟೆಂಟ್ ಎಂಬ ಇಂಗ್ಲೆಂಡಿನ ದಂತವೈದ್ಯನಿಂದ. 19ನೇ ಶತಮಾನದಲ್ಲಿ ಹಲ್ಲಿನ ಅಚ್ಚು ತೆಗೆಯಲು ಆತ ಮಾಡಿದ ವಸ್ತುವಿಗೆ ಅವನ ಹೆಸರು ಅಂಟಿಕೊಂಡು, ಆಮೇಲೆ ದೇಹದೊಳಗೆ ಆಸರೆಗೆ ಇಡುವ ಸಾಧನಗಳಿಗೂ ಬಂತು. ದುರ್ಬೀನಿನ ಮೂಲಕ ಮೂತ್ರನಾಳಕ್ಕೆ ಸಿಲಿಕೋನ್ ಕೊಳವೆ ಹಾಕಿದ್ದನ್ನು ಅಮೆರಿಕದ ಪಾಲ್ ಜಿಮ್‌ಸ್ಕೈಂಡ್ ಮತ್ತು ಜೊತೆಗಾರರು 1967ರಲ್ಲಿ ವರದಿ ಮಾಡಿದರು. ಆಗಿನ ಕೊಳವೆ ನೇರವಾಗಿತ್ತು, ಜಾರಿಬಿಡುತ್ತಿತ್ತು. ಎರಡು ತುದಿ ಬಾಗಿದ ಈಗಿನ ಮಾದರಿಯನ್ನು ರಾಯ್ ಫಿನ್ನಿ 1978ರಲ್ಲಿ ಪ್ರಕಟಿಸಿದರು.

ಸ್ಟೆಂಟ್ ಕ್ಯಾನ್ಸರ್ ವಾಸಿ ಮಾಡುತ್ತದೆಯೇ?

ಇಲ್ಲ. ಅದು ದಾರಿ ಬಿಡಿಸುತ್ತದೆ, ಅಷ್ಟೆ. ಗಡ್ಡೆ ಇದ್ದಲ್ಲೇ ಇರುತ್ತದೆ. ಹಾಗಂತ ಸ್ಟೆಂಟ್ ಹಾಕಿದ್ದರಿಂದ ಕ್ಯಾನ್ಸರ್ ಹರಡುತ್ತದೆ ಎಂದು ಹೆದರಬೇಕಿಲ್ಲ.

ಆದರೆ ದಾರಿ ಬಿಡಿಸಿದ್ದರಿಂದ ಕ್ಯಾನ್ಸರ್ ಚಿಕಿತ್ಸೆಗೆ ಬಾಗಿಲು ತೆರೆಯುತ್ತದೆ. ಗರ್ಭಕಂಠದ ಕ್ಯಾನ್ಸರಿಗೆ ರೇಡಿಯೇಷನ್ ಜೊತೆ ಕೊಡುವ ಮುಖ್ಯ ಔಷಧಿ ಸಿಸ್‌ಪ್ಲಾಟಿನ್. ಅದು ಕಿಡ್ನಿಗೆ ಭಾರ. ಕಿಡ್ನಿ ಸರಿ ಇಲ್ಲದವರಿಗೆ ಕೊಡಲು ಬರುವುದಿಲ್ಲ. ಸ್ಟೆಂಟ್ ಹಾಕಿ ಕ್ರಿಯಾಟಿನಿನ್ ಇಳಿದರೆ ಎಷ್ಟೋ ಜನರಿಗೆ ಪೂರ್ತಿ ಚಿಕಿತ್ಸೆ ಕೊಡಲು ಆಗುತ್ತದೆ. ಚಿಕಿತ್ಸೆಗೆ ಗಡ್ಡೆ ಕರಗಿದರೆ ಕೆಲವರಲ್ಲಿ ಮುಂದೆ ಸ್ಟೆಂಟನ್ನೇ ತೆಗೆದುಹಾಕಬಹುದು.

ಡಯಾಲಿಸಿಸ್ ಮಾಡಿಸಿದರೆ ಸಾಲದೇ ಅಂತ ಕೆಲವರು ಕೇಳುತ್ತಾರೆ. ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಿದ್ದರೆ, ಉಸಿರು ಕಟ್ಟುತ್ತಿದ್ದರೆ ಮೊದಲು ಡಯಾಲಿಸಿಸ್ ಬೇಕಾಗಬಹುದು. ಆದರೆ ಅದು ರಕ್ತ ತೊಳೆಯುತ್ತದೆಯೇ ಹೊರತು ಮುಚ್ಚಿದ ನಾಳ ಬಿಡಿಸುವುದಿಲ್ಲ.

ಸ್ಟೆಂಟ್ ಹತ್ತದಿದ್ದರೆ?

ಗಡ್ಡೆ ಮೂತ್ರಕೋಶದೊಳಗೇ ಬೆಳೆದು ನಾಳದ ಬಾಯಿ ಮುಚ್ಚಿದ್ದರೆ ಕೆಳಗಿನಿಂದ ತಂತಿ ದಾಟುವುದಿಲ್ಲ. ಆಗ ಇನ್ನೊಂದು ದಾರಿ ಇದೆ. ಬೆನ್ನಿನ ಕಡೆಯಿಂದ ಸ್ಕ್ಯಾನಿಂಗ್ ನೋಡಿಕೊಂಡು ಸೂಜಿ ಚುಚ್ಚಿ, ನೇರ ಕಿಡ್ನಿಗೇ ಕೊಳವೆ ಇಳಿಸುತ್ತಾರೆ. ಮೂತ್ರ ಹೊರಗಿನ ಚೀಲಕ್ಕೆ ಬಂದು ಬೀಳುತ್ತದೆ. ಇದರ ಹೆಸರು ನೆಫ್ರೋಸ್ಟಮಿ, ಚೀಟಿಯಲ್ಲಿ ಪಿಸಿಎನ್ ಅಂತ ಬರೆದಿರುತ್ತಾರೆ. ಸಾಮಾನ್ಯವಾಗಿ ಆ ಜಾಗ ಮಾತ್ರ ಮರಗಟ್ಟಿಸಿದರೆ ಸಾಕು. ಹಾಗಾಗಿ ತೀರಾ ಸುಸ್ತಾದವರಿಗೆ, ಸೋಂಕು ಏರಿದವರಿಗೆ ಇದೇ ವಾಸಿ ಎಂದು ವೈದ್ಯರು ಹೇಳಬಹುದು. ಕೆಲವು ದಿನ ಬಿಟ್ಟು ಅದೇ ದಾರಿಯಲ್ಲಿ ಮೇಲಿನಿಂದ ಕೆಳಕ್ಕೆ ಸ್ಟೆಂಟ್ ಇಳಿಸುವುದೂ ಉಂಟು.

ಎರಡಕ್ಕೂ ಅನುಕೂಲ, ಅನಾನುಕೂಲ ಇವೆ. ಸ್ಟೆಂಟ್ ಒಳಗಿರುತ್ತದೆ, ಯಾರಿಗೂ ಕಾಣುವುದಿಲ್ಲ, ಚೀಲ ಹೊರುವ ಕಷ್ಟ ಇಲ್ಲ. ಆದರೆ ಹೊರಗಿನಿಂದ ಗಡ್ಡೆ ಒತ್ತುತ್ತಿದ್ದರೆ ಮತ್ತೆ ಮುಚ್ಚಿಕೊಳ್ಳಬಹುದು. ಕೆಲವು ಅಧ್ಯಯನಗಳಲ್ಲಿ ಹೀಗೆ ವಿಫಲವಾದ ಸ್ಟೆಂಟ್‌ಗಳು ಅರ್ಧದ ಹತ್ತಿರದವರೆಗೂ ಇವೆ. ಮುಚ್ಚಿಕೊಂಡರೂ ಹೊರಗೆ ಕಾಣುವುದಿಲ್ಲ. ನೆಫ್ರೋಸ್ಟಮಿಯಲ್ಲಿ ಮೂತ್ರ ಬರುತ್ತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಆದರೆ ಕೊಳವೆ ಎಳೆದು ಹೋಗುವ ಭಯ, ಬ್ಯಾಂಡೇಜ್ ಬದಲಿಸುವ ಕೆಲಸ, ಮಗ್ಗುಲಾಗಿ ಮಲಗುವ ತೊಂದರೆ, ಬಸ್ಸಿನ ಪ್ರಯಾಣದ ಮುಜುಗರ ಇದ್ದೇ ಇವೆ.

ಪ್ಲಾಸ್ಟಿಕ್ ಪದೇ ಪದೇ ಮುಚ್ಚಿಕೊಂಡರೆ ಒಂದೇ ನಾಳಕ್ಕೆ ಎರಡು ಸ್ಟೆಂಟ್ ಜೋಡಿಸುವ ಅಥವಾ ಲೋಹದ ಸ್ಟೆಂಟ್ ಹಾಕುವ ಕ್ರಮ ಇದೆ. ಲೋಹದ್ದನ್ನು ಸುಮಾರು ಒಂದು ವರ್ಷದವರೆಗೆ ಇಡಬಹುದು, ಆದರೆ ಬೆಲೆ ಬಹಳ ಹೆಚ್ಚು.

ಬದಲಾಯಿಸುವ ದಿನ ಮರೆತರೆ

ಪ್ಲಾಸ್ಟಿಕ್ ಸ್ಟೆಂಟನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳಿಗೊಮ್ಮೆ ಬದಲಾಯಿಸಬೇಕು. ಯಾವಾಗ ಅಂತ ವೈದ್ಯರು ಹೇಳುತ್ತಾರೆ. ನೆಫ್ರೋಸ್ಟಮಿ ಕೊಳವೆಗೂ ಸುಮಾರು 3 ತಿಂಗಳ ಲೆಕ್ಕ.

ಬಿಟ್ಟರೆ ಏನಾಗುತ್ತದೆ? ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವುದನ್ನು ನಮ್ಮ ತಾಲ್ಲೂಕಿನವರು ದಿನಾ ನೋಡುತ್ತಾರೆ. ಮೂತ್ರದಲ್ಲಿರುವ ಉಪ್ಪುಗಳೂ ಸ್ಟೆಂಟಿನ ಮೇಲೆ ಹೀಗೇ ಗಟ್ಟಿಯಾಗಿ ಕಟ್ಟುತ್ತವೆ. ಕೊಳವೆ ಮುಚ್ಚುತ್ತದೆ, ಸೋಂಕು ಸೇರುತ್ತದೆ, ಎಳೆದರೆ ಬರುವುದಿಲ್ಲ, ತುಂಡಾಗಲೂಬಹುದು. ಹತ್ತು ಹದಿನೈದು ನಿಮಿಷದಲ್ಲಿ ಆಗುತ್ತಿದ್ದ ಬದಲಾವಣೆಗೆ ದೊಡ್ಡ ಆಪರೇಷನ್ ಬೇಕಾಗುತ್ತದೆ.

ಅದಕ್ಕೇ ಡಿಸ್ಚಾರ್ಜ್ ಆಗುವ ದಿನವೇ ಮೂರು ವಿಷಯ ಕೇಳಿ ಬರೆಸಿಕೊಳ್ಳಬೇಕು: ಯಾವ ಕಡೆ ಹಾಕಿದ್ದಾರೆ (ಎಡ, ಬಲ, ಎರಡೂ), ಯಾವ ದಿನ ಹಾಕಿದ್ದಾರೆ, ಯಾವ ದಿನದೊಳಗೆ ಬದಲಾಯಿಸಬೇಕು. ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಕೆಂಪು ಗುರುತು ಹಾಕಿ. ಮಗನ ಮೊಬೈಲಿನಲ್ಲಿ ಮಾತ್ರ ಇದ್ದರೆ ಸಾಲದು, ಮಗ ಊರಲ್ಲಿ ಇರುವುದಿಲ್ಲ.

ಸ್ಟೆಂಟ್ ಇಟ್ಟುಕೊಂಡು ದಿನ ಕಳೆಯುವುದು

ಸ್ಟೆಂಟ್ ಹಾಕಿಸಿಕೊಂಡ ಬಹಳ ಮಂದಿಗೆ ಒಂದಲ್ಲ ಒಂದು ಕಿರಿಕಿರಿ ಇರುತ್ತದೆ. ಪದೇ ಪದೇ ಒಂದಕ್ಕೆ ಹೋಗಬೇಕು ಅನಿಸುವುದು, ತಡೆಯಲಾಗದಿರುವುದು, ಕೊನೆಯಲ್ಲಿ ಉರಿ, ಮೂತ್ರ ಮಾಡುವಾಗ ಸೊಂಟಕ್ಕೆ ಹೊಡೆಯುವ ನೋವು. ಕೆಳಗಿನ ಸುರುಳಿ ಮೂತ್ರಕೋಶವನ್ನು ಕೆರೆಯುವುದರಿಂದ ಹೀಗಾಗುತ್ತದೆ. ಮೂತ್ರ ಕೊಂಚ ಕೆಂಪಗೆ ಬರುವುದೂ ಇದೆ. ಇದನ್ನು ತಗ್ಗಿಸಲು ಮಾತ್ರೆಗಳಿವೆ. ವೈದ್ಯರಿಗೆ ಹೇಳಬೇಕು, ನಾಚಿಕೆ ಬೇಡ.

ಭಾರ ಎತ್ತಿದ ದಿನ, ಬಹಳ ಹೊತ್ತು ಮಗ್ಗ ತುಳಿದ ದಿನ ಕೆಂಪು ಜಾಸ್ತಿ ಕಾಣಬಹುದು. ಕೆಲಸ ಕಡಿಮೆ ಮಾಡಿ ಸುಧಾರಿಸಿಕೊಂಡರೆ ಸಾಮಾನ್ಯವಾಗಿ ತಿಳಿಯಾಗುತ್ತದೆ. ದಾರಿ ಬಿಟ್ಟ ಮೇಲೆ ನೀರು ಚೆನ್ನಾಗಿ ಕುಡಿಯಬೇಕು, ಎಷ್ಟು ಅಂತ ವೈದ್ಯರನ್ನೇ ಕೇಳಬೇಕು. ಬಸ್ಸಿನಲ್ಲಿ ಹೋಗುವಾಗ ಒತ್ತಿ ಹಿಡಿದುಕೊಂಡು ಕೂರಬಾರದು. ಸ್ಟೆಂಟ್ ಇದ್ದಾಗ ಮೂತ್ರಕೋಶ ತುಂಬಿದರೆ ಮೂತ್ರ ವಾಪಸ್ ಕಿಡ್ನಿ ಕಡೆಗೆ ಹತ್ತುತ್ತದೆ. ಹೊರಡುವ ಮೊದಲು, ದಾರಿಯ ಪ್ರತಿ ಸ್ಟ್ಯಾಂಡಿನಲ್ಲಿ ಹೋಗಿ ಬರುವುದು ಒಳ್ಳೆಯದು.

ಕೆಳಗಿನವು ಕಂಡರೆ ಮಾತ್ರ ಬೆಳಗಾಗಲಿ ಅಂತ ಕಾಯಬಾರದು. 108ಕ್ಕೆ ಫೋನ್ ಮಾಡಬೇಕು:

- ಚಳಿ ನಡುಕದ ಜೊತೆ ಜ್ವರ
- ಮೂತ್ರ ಪೂರ್ತಿ ನಿಲ್ಲುವುದು ಅಥವಾ ದಿಢೀರ್ ಕಡಿಮೆಯಾಗುವುದು
- ಗಟ್ಟಿ ರಕ್ತ, ಹೆಪ್ಪುಗಳು ಹೋಗುವುದು
- ನೆಫ್ರೋಸ್ಟಮಿ ಕೊಳವೆ ಕಿತ್ತು ಬರುವುದು
- ಮಂಪರು, ಉಸಿರಾಟದ ಕಷ್ಟ

ದಾರಿ ಮುಚ್ಚಿದ ಕಿಡ್ನಿಯಲ್ಲಿ ಸೋಂಕು ಆದರೆ ಗಂಟೆಗಳಲ್ಲಿ ರಕ್ತಕ್ಕೆ ಹರಡುತ್ತದೆ. ಒಂದು ಡೋಲೋ ನುಂಗಿಸಿ ಮಲಗಿಸುವ ಜ್ವರ ಇದಲ್ಲ.

ಎಲ್ಲಿ ಹೋಗಬೇಕು, ಖರ್ಚು ಹೇಗೆ?

ಮೊದಲ ಪರೀಕ್ಷೆಗೆ ಪಾವಗಡದ ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಮುಂದಕ್ಕೆ ತುಮಕೂರಿನ ಜಿಲ್ಲಾ ಆಸ್ಪತ್ರೆ. ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಇದೆ, ಆವರಣದಲ್ಲೇ ರೋಗಿಗಳ ಕಡೆಯವರು ಉಳಿಯಲು ಧರ್ಮಶಾಲೆ ಇದೆ. ಕಿಡ್ನಿ, ಮೂತ್ರದ ತೊಂದರೆಗಳಿಗೆಂದೇ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ಗಡಿ ದಾಟಿದರೆ ಪುಟ್ಟಪರ್ತಿಯಲ್ಲಿ 1991ರಲ್ಲಿ ಶುರುವಾದ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಲ್ಲಿ ಮೂತ್ರರೋಗ ವಿಭಾಗವಿದ್ದು, ಹಣ ತೆಗೆದುಕೊಳ್ಳುವುದಿಲ್ಲ. ಕ್ಯಾನ್ಸರ್ ರೋಗಿಯನ್ನು ಕರೆದುಕೊಂಡು ಹೋಗುವ ಮೊದಲು ಫೋನಿನಲ್ಲಿ ವಿಚಾರಿಸಿಕೊಂಡರೆ ಓಡಾಟ ಉಳಿಯುತ್ತದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯೊಳಗೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಪಡೆದೇ ಹೋಗಬೇಕು, ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ. ಹಾಕುವ ಖರ್ಚಿನ ಜೊತೆಗೆ ಮುಂದೆ ಬದಲಾಯಿಸುವ ಖರ್ಚೂ ಯೋಜನೆಯಲ್ಲಿ ಬರುತ್ತದೆಯೇ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲ ದಿನವೇ ಕೇಳಿ.

ಬೇಡ ಅನ್ನುವ ಹಕ್ಕೂ ಇದೆ

ಕ್ಯಾನ್ಸರಿನಿಂದ ನಾಳ ಮುಚ್ಚಿದೆ ಎಂದರೆ ಬಹಳ ಸಲ ಕಾಯಿಲೆ ಮುಂದುವರಿದಿದೆ ಎಂದೇ ಅರ್ಥ. ಕ್ಯಾನ್ಸರಿಗೆ ಇನ್ನೂ ಚಿಕಿತ್ಸೆ ಬಾಕಿ ಇದ್ದರೆ ಸ್ಟೆಂಟ್ ಹಾಕಿಸುವುದರಲ್ಲಿ ಎರಡು ಮಾತಿಲ್ಲ. ಎಲ್ಲಾ ಚಿಕಿತ್ಸೆ ಮುಗಿದು, ರೋಗಿ ಹಾಸಿಗೆ ಹಿಡಿದಿರುವಾಗ ಪ್ರಶ್ನೆ ಕಷ್ಟದ್ದು. ಕೊಳವೆ ಹಾಕಿಸಿದರೆ ಕೆಲವು ವಾರ, ಕೆಲವು ತಿಂಗಳು ಸಿಗಬಹುದು. ಆ ದಿನಗಳು ಮನೆಯಲ್ಲಿ ಮಕ್ಕಳ ಜೊತೆ ಕಳೆಯುವಂಥವೋ, ಆಸ್ಪತ್ರೆಗೆ ಓಡಾಡುತ್ತಾ ನೋವಿನಲ್ಲೇ ಕಳೆಯುವಂಥವೋ? ಇದನ್ನು ವೈದ್ಯರ ಎದುರು ಬಾಯಿಬಿಟ್ಟು ಕೇಳಬೇಕು: "ಇದರಿಂದ ಇವರಿಗೆ ಏನು ಸುಖ ಸಿಗುತ್ತೆ, ಹೇಳಿ ಸಾರ್."

ಮುಖ್ಯವಾಗಿ ರೋಗಿಯನ್ನೂ ಕೇಳಬೇಕು. ನಮ್ಮ ಮನೆಗಳಲ್ಲಿ ಅಮ್ಮನಿಗೆ ಕಾಯಿಲೆ ಹೆಸರೇ ಹೇಳದೆ ಮಕ್ಕಳು ಸಹಿ ಹಾಕುವುದು ನಡೆದೇ ಇದೆ. ಮೈ ಅವರದು, ಚೀಲ ಹೊರುವವರು ಅವರು. ಬೇಡ ಎಂದರೆ ಚಿಕಿತ್ಸೆ ಕೈಬಿಟ್ಟಂತೆ ಅಲ್ಲ. ನೋವು, ವಾಕರಿಕೆ, ಉಸಿರಿನ ಕಷ್ಟ ತಗ್ಗಿಸುವ ಉಪಶಾಮಕ ಆರೈಕೆ ಇದೆ. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟಿನ ಕರುಣಾಶ್ರಯ ಇಂಥ ಕ್ಯಾನ್ಸರ್ ರೋಗಿಗಳನ್ನು ಹಣವಿಲ್ಲದೆ ನೋಡಿಕೊಳ್ಳುತ್ತದೆ.

ಇಲ್ಲಿಗೆ ಬರದಂತೆ ತಡೆಯುವುದು

ಗರ್ಭಕಂಠದ ಕ್ಯಾನ್ಸರ್ ಮೊದಲೇ ಪತ್ತೆಯಾದರೆ ಮೂತ್ರನಾಳದವರೆಗೆ ಬರುವುದೇ ಇಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಹೆಂಗಸರಿಗೆ 5 ವರ್ಷಕ್ಕೊಮ್ಮೆ ತಪಾಸಣೆ ಇದೆ, ಕೆಲವೇ ನಿಮಿಷದ ಕೆಲಸ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸಿದರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋದರೆ, ವಾಸನೆಯ ಬಿಳಿ ಹೋಗುತ್ತಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ ಆಸ್ಪತ್ರೆಗೆ ಹೋಗಬೇಕು. 9ರಿಂದ 14 ವರ್ಷದ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಕೊಡಿಸಬಹುದು.

ಈಗಾಗಲೇ ಮನೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡವರು ಇದ್ದರೆ ಇವತ್ತೇ ಡಿಸ್ಚಾರ್ಜ್ ಚೀಟಿ ತೆಗೆದು ತಾರೀಕು ನೋಡಿ. ಮೂರು ತಿಂಗಳು ದಾಟಿದ್ದು, ಬದಲಾಯಿಸುವ ದಿನ ಬರೆದಿಲ್ಲದಿದ್ದರೆ ನಾಳೆ ಬೆಳಗ್ಗೆಯೇ ಹಾಕಿದ ಆಸ್ಪತ್ರೆಗೆ ಒಂದು ಫೋನ್ ಮಾಡಿ ಕೇಳಿ.